ನಾಕು ಅಂಕಿ

ಸಂಘದ ಡಬ್ಬಿ ಈ ವರ್ಷ ನಮ್ಮ ಮನಿಗೆ ಬಂದದ.
ಹದಿನೇಳು ಹೆಣ್ಮಕ್ಕಳ ರೊಕ್ಕ,
ತಗಡಿನ ಡಬ್ಬಿ, ಗುಬ್ಬಿಯಷ್ಟು ಕೀಲಿ,
ಜ್ವಾಳದ ಚೀಲದ ಹಿಂದ.
ಮೂರು ರಾತ್ರಿ ಕಣ್ಣಿಗೆ ಕಣ್ಣು ಹತ್ತಲಿಲ್ಲ.
ನಾಕನೇ ದಿನ ಸೂಪರ್ ಮಾರ್ಕೆಟ್ಟಿಗೆ ಹೋದೆ.

ಇಲಿಯಾಸಭಾಯಿ ಗಾಜಿನ ಮ್ಯಾಲ ಮೂರು ಇಟ್ಟ.
ಒಂದು ಬರೇ ಒದರತದ,
ಒಂದು ಒದರಿ ಫೋನೂ ಹಚ್ಚತದ,
ಇನ್ನೊಂದಕ್ಕ ಕ್ಯಾಮೆರಾ, ಕಳ್ಳನ ಮಾರಿ
ಮೊಬೈಲಿನಾಗ ಕುಂತಲ್ಲೇ ನೋಡಬಹುದಂತ.
'ಮಾರಿ ನೋಡಿ ಏನು ಮಾಡಲಿ ಭಾಯಿ,
ಗುರುತಿನಾಂವ ಇದ್ರ ಇನ್ನಷ್ಟು ಸಂಕಟ.'
ನಡುವಿಂದು ತಗೊಂಡೆ.
ಹಚ್ಚಲಾಕ ಹುಡುಗನ್ನ ಕಳಸ್ತೀನಿ, ಐದನೂರು ಅಂದ.
ಐದನೂರು ಅಂದ್ರ ಸಂಘದ ಒಂದು ಕಂತು.
ನಾನೇ ಹಚ್ಚತೀನಿ ಅಂದೆ.

ಕಾಗದದಾಗಿನ ಅಕ್ಷರ ಇರುವಿ ಗತೆ,
ಚಿತ್ರ ಮಾತ್ರ ತಿಳೀತು:
ಕದಕ್ಕೊಂದು ಅಯಸ್ಕಾಂತ, ಚೌಕಟ್ಟಿಗೆ ಅದರ ಜೋಡಿ,
ನಡುವ ಒಂದು ಬೆರಳಿಗಿಂತ ಹೆಚ್ಚು ಸಂದು ಬೀಳಬಾರದು.
ಬಿದ್ರ ಒದರತದ.
ಲಗ್ನದಾಗ ಇಷ್ಟು ಸರಳ ಮಾತು
ನಮಗ ಯಾರೂ ಹೇಳಿರಲಿಲ್ಲ.

ಗೋಡಿ ನಮ್ಮದು ಶಹಾಬಾದ ಕಲ್ಲಿಂದು.
ಜಗದೇವಿ ಗಂಡ ಬಡಗಿ, ಅವನ ಡ್ರಿಲ್ ಕಡ ತಂದೆ.
ಕಿಡಿ ಬಿತ್ತು, ಪುಡಿ ಬಿತ್ತು, ತೂತು ಬೀಳಲಿಲ್ಲ.
ಎರಡು ಬಿಟ್ ಮುರದು, ಮೂರನೇದು ಕೆಂಪಗಾಗಿ
ಚರಗಿ ನೀರಾಗ ಅದ್ದಿದೆ, ಚುಂಯ್ ಅಂತು.
ಕಲ್ಲು ಅಂತು:
ಕಾಯೂದು ನನಗ ಬರತದ, ನೀ ಕಲಸಬ್ಯಾಡ.
ಕಡೀಕ ಹಳೇ ಬೇವಿನ ಚೌಕಟ್ಟಿಗೇ
ಎರಡು ಸಣ್ಣ ಸ್ಕ್ರೂ ತಿರುವಿ,
ಮೂಲ್ಯಾಗ ಸ್ಪಿರಿಟ್ಟಿಲೆ ಒರಸಿ, ಅಂಟುಪಟ್ಟಿ ಹಚ್ಚಿ
ಆ ಬಿಳೀ ಕಣ್ಣು ಕೂಡಿಸಿದೆ.
ಕೂಲರಿಗೆ ಮಾರಿ ಮಾಡಬಾರದಂತ ಅದು, ಬೆಕ್ಕಿನ ದಾರಿಗೂ.

ಆಮ್ಯಾಲ ನಾಕು ಅಂಕಿ ಕೇಳ್ತು.
ಹುಟ್ಟಿದ ತಾರೀಖು ಇಡಬಾರದಂತ.
ನನ್ನದು ನನಗೂ ಗೊತ್ತಿಲ್ಲ,
ಸಾಲಿ ಮಾಸ್ತರ ಬರದದ್ದು ಜೂನ್ ಒಂದು.
ಬ್ಯಾರೇದೇ ಒಂದು ಇಟ್ಟೆ, ಗಂಡಗೂ ಹೇಳಲಿಲ್ಲ.

ಮೊದಲ ರಾತ್ರಿ, ಎರಡೂ ಮುಕ್ಕಾಲು,
ಒದರಿತು ನೋಡ್ರಿ!
ಶಹಾಬಜಾರದ ನಾಯಿ ಎಲ್ಲಾ ಎದ್ದು ಉತ್ತರ ಕೊಟ್ಟವು.
ಕುಡಗೋಲು ಹಿಡಕೊಂಡು ಓಡಿದೆ.
ಬಾಗಿಲಾಗ ಪುತಳಾಬಾಯಿ, ಎರಡೂ ಕೈಯಾಗ ಕೊಡ,
ಬೆನ್ನಿಗೆ ನೂರಜಹಾನ, ಅಕಿ ಸೊಸಿ.
ಕಿವಿ ಮುಚ್ಚಲಾಕ ಯಾರ ಕೈಯೂ ಖಾಲಿ ಇಲ್ಲ.
ನಳ ಬಂದಿತ್ತು. ಆರು ದಿನಕ್ಕ ಬಂದಿತ್ತು.
ಓಣಿಗೆಲ್ಲ ತೆಗ್ಗಿನ ನಳ ನಮ್ಮ ಅಂಗಳದಾಗಿಂದೇ,
ಈ ಕದಕ್ಕ ಚಿಲಕ ಹಾಕಿದ ನೆನಪು ನಮ್ಮ ಅತ್ತಿಗೂ ಇಲ್ಲ.

'ಯಾರ ರೊಕ್ಕ ಕಾಯಲತ್ತಿ ಸುಗಲಾ,' ಅಂದ್ಲು ಪುತಳಾಬಾಯಿ,
'ನಮ್ಮದು, ನಮ್ಮಿಂದ?'
ಗಾಬರಿಗೆ ಅಂಕಿ ಮರತಿತ್ತು.
ಅದು ದಣಿಯೂತನಕ ಒದರ್ತು, ನಾವು ನೀರು ತುಂಬಿದಿವಿ.

ಈಗ ಹದಿನೇಳು ಮಂದಿಗೂ ಗೊತ್ತು.
ಪುತಳಾಬಾಯಿಗೆ ಓದಲಾಕ ಬರಂಗಿಲ್ಲ, ಅಕಿ ಬೆರಳಿಗೆ ಬರತದ:
ಮ್ಯಾಲ, ನಡುವ, ನಡುವ, ತೆಳಗ,
ರಂಗೋಲಿ ಚುಕ್ಕಿ ಇಟ್ಟಂಗ.
ಕೆಲವು ರಾತ್ರಿ ಬೇಕಂತಲೇ ಒದರಸ್ತೀವಿ,
ಆಚೀ ಓಣಿಯ ಚಂದ್ರಶಾ ಮುತ್ಯಾಗೂ
ನೀರು ಬಂದದ್ದು ಕೇಳಲಿ ಅಂತ.
ಫೋನು ಜಗದೇವಿಗೆ ಹೋಗತದ, ಅಕಿ ಎದ್ದು ಮೋಟರ್ ಹಚ್ಚತಾಳ.

ಮೇ ತಿಂಗಳಾಗ ಒಂದು ಮಧ್ಯಾಹ್ನ
ಆ ಕಣ್ಣಿನ ಮುಂದ ಹಾಯ್ದೆ. ಸುಮ್ಮನಿತ್ತು.
ಮತ್ತ ಹಾಯ್ದೆ, ಸೆರಗು ಬೀಸಿದೆ, ಕುಣದೆ ಜರಾ.
ಕೆಟ್ಟದ ಅಂತ ಒಯ್ದೆ.
'ಕೆಟ್ಟಿಲ್ಲ ಬಾಯಿ. ಅದು ಮೈಕಾವು ನೋಡತದ.
ಈ ಬ್ಯಾಸಗಿಗೆ ಗೋಡಿ ಕಾವು, ಮನುಷ್ಯಾನ ಕಾವು ಒಂದೇ.
ಮಳಿ ಬರೂತನಕ ಅದಕ್ಕ ಯಾರೂ ಸರಿಯಾಗಿ ಕಾಣಂಗಿಲ್ಲ.'

ತಂದು ಅಲ್ಲೇ ಕೂಡಿಸೀನಿ.
ಡಬ್ಬಿ ಚೀಲದ ಹಿಂದೇ ಅದ.
ಕಲ್ಲಿಗೆ ಬೆನ್ನು ಹಚ್ಚಿ ಕುಂತೀನಿ,
ಕಲ್ಲಿನಷ್ಟೇ ಬೆಚ್ಚಗ,
ಇಲ್ಲದಾಕಿ ಗತೆ.