ಸಾವಿರದೈನೂರರ ತನಕ

ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಲ್ಲಿ
ಇಪ್ಪತ್ತೇಳು ವರ್ಷ ಬೋರು ಕೊರೆದವಳು ನಾನು.
ಲಾರಿ, ಟ್ರ್ಯಾಕ್ಟರು, ಅಕ್ಕಿಗಿರಣಿಯ ಹಳೇ ಡೀಸೆಲ್ಲು,
ಯಾರ ಎದೆ ಸವೆದರೂ ನನ್ನ ಲೇಥಿಗೇ ಬರುತ್ತಿತ್ತು.
ಹೋನಿಂಗ್ ಕಲ್ಲು ಇಳಿಸಿ, ಏರಿಸಿ, ತಿರುಗಿಸಿ
ಗೋಡೆಯ ತುಂಬ ಅಡ್ಡಗೆರೆ ಎಳೆದು
(ಈಚಲು ಚಾಪೆಯ ಹೆಣಿಗೆಯ ಹಾಗೆ,
ಕಣ್ಣಿಗಿಂತ ಉಗುರಿಗೆ ಚೆನ್ನಾಗಿ ಕಾಣುತ್ತೆ)
ಬಿಲ್ಲಿನ ಬೆನ್ನಿಗೆ ಬರೆದುಕೊಡುತ್ತಿದ್ದೆ:
ಸಾವಿರದೈನೂರರ ತನಕ ನಿಧಾನ.

ಒಬ್ಬನೂ ಕೇಳಲಿಲ್ಲ.
ಭದ್ರಾವತಿಯ ಸೆಲ್ವರಾಜನಂತೂ
ಅವತ್ತೇ ರಾತ್ರಿ ಹದಿನಾರು ಟನ್ ಕಬ್ಬಿಣ ಹೇರಿ
ಹುಲಿಕಲ್ ಘಾಟಿಗೆ ಬಿಟ್ಟು
ಮೂರನೇ ತಿಂಗಳಿಗೆ ನೀಲಿ ಹೊಗೆ ಕಾರುತ್ತಾ ಬಂದ.
"ಅಕ್ಕಾ, ನಿನ್ನ ಕೆಲಸ ಸರಿಯಿಲ್ಲ."

ಈಗ ನನ್ನದೇ ಒಂದು.
ಕೆಂಪು ತಗೋ ಅಂದರು ಎಲ್ಲರೂ.
ಹೊಸ ಅರದ ಬಣ್ಣ ಆರಿಸಿದೆ.
ಇನ್ನೂರೆಪ್ಪತ್ತು ಕುದುರೆ, ಟರ್ಬೊ,
ಬಾಗಿಲು ಹಾಕಿದರೆ ತಿಜೋರಿಯ ಸದ್ದು.
"ಇಷ್ಟು ದುಡ್ಡಿಗೆ ವಿನೋಬನಗರದಲ್ಲಿ ಅರ್ಧ ಸೈಟು" ಎಂದಳು ನಾದಿನಿ.
ಅರ್ಧ ಸೈಟು ಎಲ್ಲಿಗೂ ಹೋಗುವುದಿಲ್ಲವಲ್ಲೇ, ಎಂದೆ.

ಕೈಪಿಡಿಯ ನಲವತ್ತೊಂದನೇ ಪುಟ
ನಾನೇ ಬರೆದ ಹಾಗಿತ್ತು:
ನಾಲ್ಕು ಸಾವಿರ ಸುತ್ತು ದಾಟಬೇಡಿ.
ಒಂದೇ ವೇಗದಲ್ಲಿ ಓಡಿಸಬೇಡಿ.
ಎಣ್ಣೆ ಬಿಸಿಯಾಗುವ ಮುನ್ನ ಏನನ್ನೂ ಕೇಳಬೇಡಿ.
ಸರಿ. ಆದರೆ
ಬಲಗಾಲಿನ ಹೆಬ್ಬೆರಳು ಇದೆಯಲ್ಲ,
ಅದಕ್ಕೆ ಓದು ಬರುವುದಿಲ್ಲ.

ಬೆಳಿಗ್ಗೆ ಐದಕ್ಕೇ ತೀರ್ಥಹಳ್ಳಿ ರಸ್ತೆ.
ಗಾಜನೂರು ದಾಟಿ ಮೂರನೇ ಗೇರಿನಲ್ಲಿ ಏರಿಸಿ,
ಕಾಲು ತೆಗೆದು, ಎಂಜಿನ್ನೇ ತಡೆಯಲೆಂದು ಬಿಟ್ಟು,
ಮತ್ತೆ ಏರಿಸಿ,
ಮತ್ತೆ ಬಿಟ್ಟು.
ಒಳಗೆ ಉಂಗುರ ಗೋಡೆಗೆ ಒತ್ತಿ, ಗೋಡೆ ಉಂಗುರಕ್ಕೆ ಒತ್ತಿ
(ಉಂಗುರ ಎಂದ ಕೂಡಲೇ ಮದುವೆ ನೆನಪಾದರೆ ಅದು ನಿಮ್ಮ ತಪ್ಪು)
ಕೂದಲಿನ ನೂರರಲ್ಲೊಂದು ಪಾಲಿನ ಏಣು
ಎರಡರಿಂದಲೂ ಉದುರಿ ಎಣ್ಣೆಗೆ ಬೀಳುತ್ತದೆ.
ಹೊಳೆಯುತ್ತದೆ ಆ ಎಣ್ಣೆ;
ಮೊದಲ ಸಲದ್ದನ್ನು ಬಸಿದು ಅಂಗೈಯಲ್ಲಿ ಹಿಡಿದವರಿಗೆ ಗೊತ್ತು.

ಸಕ್ರೆಬೈಲಿನ ಚಹಾದಂಗಡಿಯಲ್ಲಿ
ಒಬ್ಬ ಕಾವಾಡಿ, ಜಬೀವುಲ್ಲಾ ಅಂತ,
ಬಾನೆಟ್ಟಿನ ಮೇಲೆ ಅಂಗೈ ಇಟ್ಟು ನೋಡಿದ.
"ಪಳಗಿದೆಯಾ?"
"ಆರುನೂರ ಹತ್ತು ಆಗಿದೆ."
"ಏನು, ಕೇಜಿಯಾ?"
ಕ್ರಾಲಿನೊಳಗಿನ ಅವನ ಹೊಸ ಮರಿ
ಹನ್ನೆರಡು ದಿನದಿಂದ ಅವನ ಕೈಯ ಕಬ್ಬು ಮುಟ್ಟಿಲ್ಲವಂತೆ.
"ನೆಲದಲ್ಲಿಟ್ಟು ಆಚೆ ಹೋದರೆ ತಿನ್ನುತ್ತೆ.
ನಾವು ನೋಡದ ಹಾಗೆ ಇರಬೇಕು."
ಚಹಾದ ದುಡ್ಡು ಅವನೇ ಕೊಟ್ಟ.

ಮಂಡಗದ್ದೆ ಹತ್ತಿರ ಹಿಂದಿನಿಂದ ಹಾರನ್ನು. ಸೆಲ್ವರಾಜ.
ಅದೇ ಲಾರಿ, ನಾನು ಎರಡು ಸಲ ಕೊರೆದ ಅದೇ ಆರು ಬೋರು,
ನನ್ನ ಇನ್ನೂರೆಪ್ಪತ್ತು ಕುದುರೆಯನ್ನು ಏರಿನಲ್ಲಿ ಹಿಂದೆ ಹಾಕಿ
ಕಿಟಕಿಯಿಂದ ತಲೆ ಹೊರಗಿಟ್ಟು:
"ಏನಕ್ಕಾ, ಕೆಟ್ಟಿದೆಯಾ? ಟೋ ಮಾಡ್ಲಾ?"
ಸೂಜಿ ಮೂರು ಸಾವಿರದ ಒಂಬೈನೂರಿನಲ್ಲಿ ನಡುಗಿತು.
ಅವನಾಚೆ ಖಾಲಿ ರಸ್ತೆ. ಯಾರೂ ನೋಡುತ್ತಿರಲಿಲ್ಲ.
ಒತ್ತಿಬಿಟ್ಟೆ ಎಂದು ಬರೆದರೆ ಪದ್ಯ ಚೆನ್ನಾಗಿರುತ್ತೆ.
ಒತ್ತಲಿಲ್ಲ.
ಅವನ ಹೊಗೆ ನೋಡಿದೆ. ನೀಲಿ ಇರಲಿಲ್ಲ.
ಕಳ್ಳ, ಈ ಸಲ ಮಾತು ಕೇಳಿದ್ದಾನೆ.

ಸಾವಿರದೈನೂರು ಬಿದ್ದದ್ದು ಇನ್ನೊಂದು ದಿನ,
ಆನಂದಪುರದಾಚೆಯ ರೈಲ್ವೆ ಗೇಟಿನ ಎದುರು.
ಗೇಟು ಹಾಕಿತ್ತು.
ಮುಂದೆ ಒಂದು ಪವರ್ ಟಿಲ್ಲರು, ಹಿಂದೆ ಮೀನಿನ ಗಾಡಿ.
ಎಂಜಿನ್ನು ಆರಿಸಿದೆ. ಬಿಸಿ ಲೋಹ ಆರುವ ಟಿಕ್ ಟಿಕ್
ಮೊದಲ ದಿನದ ಹಾಗಿಲ್ಲ, ಒಂದು ಸ್ವರ ಕೆಳಗಿಳಿದಿದೆ,
ಅಥವಾ ನನ್ನ ಕಿವಿ ಇಳಿದಿದೆ.
ತಾಳಗುಪ್ಪದ ರೈಲು ಅವಸರವಿಲ್ಲದೆ ಹೋಯಿತು.

ಗೇಟು ಎದ್ದಿತು. ಟಿಲ್ಲರು ಏಳಲಿಲ್ಲ.
ಹುಡುಗ ಹ್ಯಾಂಡಲ್ಲು ತಿರುಗಿಸಿದ, ತಿರುಗಿಸಿದ.
ಮೀನಿನವ ಹಾರನ್ನು ಬಿಡಲಿಲ್ಲ.
ಇಳಿದು ಹೋದೆ.
"ಕಂಪ್ರೆಷನ್ ಹೋಗಿದೆ ತಮ್ಮಾ, ಸ್ಪ್ಯಾನರ್ ಇದೆಯಾ?"
ಹಿಂದೆ ನನ್ನ ಕಾರಿನ ಬಾಗಿಲು
ತೆರೆದೇ ಇತ್ತು.