ಕಾಡುಬೆಕ್ಕು

ಸ್ಯಾಮನ್ ಪೇಟೆಯ ಯಾವ ಅಂಗಡಿಯಲ್ಲೂ ಸಿಗದು
ಈ ಕೋವಿಗೆ ಹೊಂದುವ ಕಾಡತೂಸು.
ಕೌಂಟರಿನ ಹೊಸ ಹುಡುಗ ನಳಿಗೆಯ ಮೇಲಿನ ಅಕ್ಷರಗಳನ್ನು
ಎರಡೆರಡು ಸಲ ಓದಿ ತಲೆಯಾಡಿಸಿದ:
‘ಇದು ಕಾಡುಬೆಕ್ಕು ಮೇಡಂ,
ಕಾರ್ಖಾನೆ ಸಾಕದ ಜಾತಿ.
ಯಾವನೋ ತಲೆಕೆಟ್ಟವನು ತನ್ನ ಶೆಡ್ಡಿನಲ್ಲಿ ಹುಟ್ಟಿಸಿದ್ದು.’
ಆ ತಲೆಕೆಟ್ಟವನು ನನ್ನಪ್ಪ, ಎಲ್ಡನ್ ಟ್ವೀಟನ್.
ಹೇಳಲಿಲ್ಲ.
ಒಂದು ಡಬ್ಬಿ ಪ್ರೈಮರ್ ಕೊಂಡು ಬಂದೆ.

ಅವನ ಬೆಂಚು. ಒತ್ತುಯಂತ್ರದ ಹಿಡಿಯಲ್ಲಿ
ಅಂಗೈ ಉಜ್ಜಿ ಬಿಟ್ಟುಹೋದ ಹೊಳಪು.
ಮೂರು ಅಚ್ಚು, ಸೀಮೆಸುಣ್ಣದಲ್ಲಿ ಒಂದು, ಎರಡು, ಮೂರು.
ಅವಸರಕ್ಕೆ ಎರಡನ್ನು ಹಾರಿ ಮೂರಕ್ಕೆ ತುರುಕಿದೆ;
ಕೋಶ ಕುಸಿದು ಮುದುಡಿತು, ತುಳಿದ ಡಬ್ಬಿಯ ಹಾಗೆ.

ಇದಕ್ಕೂ ಬುಡ, ಒಡಲು, ಹೆಗಲು, ಕತ್ತು, ಬಾಯಿ.
ಕುರಿಯುಣ್ಣೆಯ ಜಿಡ್ಡು ಬೆರಳಿಗೆ ಅಂಟಿದಷ್ಟೇ ಸವರಬೇಕು:
ಹೆಚ್ಚಾದರೆ ಹೆಗಲಲ್ಲಿ ತಗ್ಗು,
ಕಡಿಮೆಯಾದರೆ ಅಚ್ಚಿಗೇ ಕಚ್ಚಿಕೊಂಡು
ಸುತ್ತಿಗೆಗೂ ಬಗ್ಗದು.
ಹಿತ್ತಾಳೆ ಬಗ್ಗಿಸಿದಷ್ಟೂ ಬಿರುಸಾಗುತ್ತದೆ,
ಬಿರುಸಾದದ್ದು ಬಿರಿಯುತ್ತದೆ.
ಅಪ್ಪನಿಗೆ ಇದು ಗೊತ್ತಿತ್ತು, ಹಿತ್ತಾಳೆಯ ಮಟ್ಟಿಗೆ.

ದೀಪ ಆರಿಸಿದೆ. ತಟ್ಟೆಯ ನೀರಿನಲ್ಲಿ
ಮೊಣಕಾಲುದ್ದ ಮುಳುಗಿ ನಿಂತ ಇಪ್ಪತ್ತು ಜನ.
ಕತ್ತಿಗೆ ಮಾತ್ರ ಉರಿ ಹಿಡಿದೆ,
ಕತ್ತಲು ಒಂದಿಷ್ಟೇ ಕೆಂಪಾಗುವವರೆಗೆ,
ಆಮೇಲೆ ಬೆರಳಲ್ಲಿ ತಳ್ಳಿ ಕೆಡವಿದರೆ
ಚುಂಯ್.
ಗೋಡೆಗೆ ಅವನು ಅಂಟಿಸಿದ ಚೀಟಿ:
‘ಕತ್ತು ಮೆತ್ತಗಾಗಲಿ. ಬುಡ ಮೆತ್ತಗಾದರೆ ಮುಖ ಹೋದೀತು.’

ಬುಡದ ಮುದ್ರೆ ಮಾತ್ರ ಹಳೆಯದೇ,
ಹುಟ್ಟಿದ ಕಾರ್ಖಾನೆ, ಹುಟ್ಟಿದಾಗಿನ ಅಳತೆ;
ಮೇಲೆ ಏನೆಲ್ಲ ತಿದ್ದಿದರೂ ಅದು ಅಳಿಯದು.
ನಾನೂ ಎರಡು ಮದುವೆಗೆ ಎರಡು ಹೆಸರು ಹೊತ್ತವಳು.
ಪೇಟೆಯ ಹಳಬರ ಬಾಯಲ್ಲಿ ಇವತ್ತಿಗೂ
ಎಲ್ಡನ್ನನ ಹುಡುಗಿ.

ಬೆಳಿಗ್ಗೆ, ಬೇಲಿಯಾಚೆ ಮಂಜು ಕಚ್ಚಿದ ಬಯಲು.
ಗುಂಡಿಲ್ಲದ ಕೋಶ: ಚಿಟಿಕೆ ಮದ್ದು,
ಮೇಲೆ ಗಂಜಿ ಕಾಯಿಸುವ ರವೆ,
ಬಾಯಿಗೆ ಮೇಣ.
ಆಕಾಶಕ್ಕೆ ಹಿಡಿದು ಒತ್ತಿದರೆ
ಹೊಗೆಯ ಜೊತೆ ಸೀದ ತಿಂಡಿಯ ವಾಸನೆ!
ನಮ್ಮ ಅಡುಗೆಮನೆಯ ಭಾನುವಾರಗಳು
ಹೀಗೇ ನಾರುತ್ತಿದ್ದವು, ಅಮ್ಮ ಹೋದ ಮೇಲೆ.

ಹೊರಬಂದ ಕೋಶಕ್ಕೆ ಚೂಪು ಹೆಗಲು, ಇನ್ನೂ ಬಿಸಿ.
ಒಳಗಿನ ಸಿಡಿತವೇ ಒತ್ತಿ ಒತ್ತಿ
ಆ ಕೋವಿಯ ಗೂಡಿನ ಅಚ್ಚು ತೆಗೆದಿದೆ;
ಇನ್ನೊಂದು ಕೋವಿಗೆ ಇದು ಹೊಂದದು.
ಉದುರಿದ ರವೆಗೆ ಆಗಲೇ ಎರಡು ಮ್ಯಾಗ್‌ಪೈ ಹಕ್ಕಿ
ಬೇಲಿಯಿಂದಿಳಿದು ಜಗಳ ತೆಗೆದಿದ್ದವು.

ಅವನ ನೋಟುಬುಕ್ಕಿನಲ್ಲಿ ಬರೀ ಅಂಕಿ. ಹವೆ, ಅಳತೆ, ತಾರೀಖು.
ನಡುವೆ ಒಂದು ಕಡೆ, ಅದೇ ಪೆನ್ಸಿಲಿನಲ್ಲಿ:
‘ಇಪ್ಪತ್ತಕ್ಕೆ ಹದಿನೆಂಟು. ಎರಡು ಕತ್ತು ಸೀಳಿತು.
ಆರ್ಡಿಸ್ ಫೋನು ಮಾಡಿದ್ದಳು, ಕೈ ನಿಲ್ಲಲಿಲ್ಲ.’

ಕೆಳಗೆ ಖಾಲಿ ಗೆರೆ.
ಪೆನ್ಸಿಲು ಹೆರೆದು ಬರೆದೆ:
ಇಪ್ಪತ್ತಕ್ಕೆ ಹದಿನೇಳು.
ಯಾರೂ ಫೋನು ಮಾಡಲಿಲ್ಲ.