ಇಪ್ಪತ್ತೇಳನೆಯ ಹೆಸರು

ವಾರ್ಡಿನ ಹಾಲಿನಲ್ಲಿ ಸಂಜೆ ಏಳಕ್ಕೆ ಸಭೆ.
ಹನ್ನೊಂದು ಜನ, ಒಂದು ಸೀಮೆಎಣ್ಣೆ ಒಲೆ.
ಲಾಂಡ್ರಿ ಅಂಗಡಿಯ ಹಿಸಾಯೊ
ಮೀನಿನ ದರಪಟ್ಟಿಯ ಬೆನ್ನಿಗೆ
ಗೆರೆ ಎಳೆದುಕೊಂಡು ಕೂತಿದ್ದಳು.
‘ಹುಡುಗಿಯರ ಎಕಿದೆನ್ ಓಟ
ಈ ಸಲವೂ ನಮ್ಮ ತಿರುವಿನಲ್ಲೇ ಹಾಯುತ್ತದೆ.
ಹೋದ ವರ್ಷದ ಹಾಗೆ
ಜೇಬಿನಲ್ಲಿ ಕೈಯಿಟ್ಟು ನಿಲ್ಲುವವರು
ಮನೆಯಲ್ಲೇ ಇರಿ.’

ಡೋಲು ಬೇಕೆಂದರು ಕೆಲವರು.
ಎದುರಿಗೇ ವೃದ್ಧಾಶ್ರಮ, ಮಧ್ಯಾಹ್ನದ ನಿದ್ದೆಯ ಹೊತ್ತು, ಬೇಡ.
(ಬಾರಿಸಿ, ದಯವಿಟ್ಟು ಬಾರಿಸಿ ಎಂದು
ಮರುದಿನ ಅಲ್ಲಿಂದಲೇ ಚೀಟಿ ಬಂತು. ಏಳು ಸಹಿ.)

ಮಾತು ಸಿಕ್ಕಿಕೊಂಡದ್ದು
ಕೂಗುವುದೇನು ಎಂಬಲ್ಲಿ.
‘ಗಂಬಾರೆ!’ ಬಿಡಬೇಡ, ಗಟ್ಟಿಯಾಗು.
ನಮ್ಮ ನಾಲಗೆಗೆ ಅದು ಬಿಟ್ಟು ಬೇರೇನು ಬರುತ್ತದೆ?
ಟೀ ಬಗ್ಗಿಸುತ್ತಿದ್ದ ಮಿತ್ಸುಎ
ಕೆಟಲ್ ಕೆಳಗಿಡದೆ ಅಂದಳು:
‘ಎಂಟು ತಿಂಗಳು ಆಸ್ಪತ್ರೆಯಲ್ಲಿ
ಬಂದವರೆಲ್ಲ ಅದನ್ನೇ ಹೇಳಿ ಹೋದರು,
ಕೂದಲುದುರಿದ ತಲೆಗೆ, ಸೂಜಿ ನೆಟ್ಟ ಕೈಗೆ.
ಇನ್ನೂ ಎಷ್ಟು ಗಟ್ಟಿಯಾಗಲಿ, ಹೇಳಿ?
ರಾತ್ರಿ ಪಾಳಿಯ ನರ್ಸ್ ಒಬ್ಬಳು
ಬರೀ ಹೆಸರು ಹಿಡಿದು ಕರೆಯುತ್ತಿದ್ದಳು.
ಅಷ್ಟು ಸಾಕಿತ್ತು.’
ಒಲೆ ಚಿಟ್ಟೆಂದಿತು.
ಹಿಸಾಯೊ ಬರೆದುಕೊಂಡಳು: ಹೆಸರು.

ಇಪ್ಪತ್ತೇಳು ತಂಡ, ಹನ್ನೊಂದು ಗಂಟಲು.
ತಲೆಗೆ ಎರಡು, ಕೆಲವರಿಗೆ ಮೂರು.
ಅದೇ ತಿರುವಿನಲ್ಲಿ ಮೂವತ್ತೊಂದು ವರ್ಷ
ಬಸ್ಸಿನ ಬ್ರೇಕ್ ಒತ್ತಿದ ನನಗೆ
ಗಡಿಯಾರ ನೋಡುವ ಕೆಲಸ, ಜೊತೆಗೆ ಕೊನೆಯದೊಂದು:
ಯಾವುದೋ ದ್ವೀಪದ ತಂಡ, ನಾಲ್ಕನೆಯ ಸರದಿ,
ಹದಿನಾರು ವಯಸ್ಸು, ಹೆಸರಿಗೆ ಒಂದೇ ಅಕ್ಷರ.
ಬಿಸಿಲು ಬೀಳುವ ಬದಿ ಎಂದು ಅರ್ಥ.
‘ಹರು’ ಎಂದು ಓದಿಕೊಂಡೆ.
ಬಚ್ಚಲ ತೊಟ್ಟಿಯಲ್ಲಿ ಕೂತು ಹತ್ತು ದಿನ ಕೂಗಿ ಕಲಿತೆ.
ಹೆಂಡತಿ ಬಾಗಿಲು ಬಡಿದು ಕೇಳಿದಳು,
‘ಯಾರವಳು?’

ಮೊದಲಿನವಳು ಹಾದದ್ದೇ ತಿಳಿಯಲಿಲ್ಲ,
ಲಾರಿ ಹೋದಂತೆ ಒಂದು ಗಾಳಿ.
ಹೆಗಲಿಂದ ಸೊಂಟಕ್ಕೆ ಅಡ್ಡಬಿದ್ದ ಬಟ್ಟೆಯ ಪಟ್ಟಿ,
ಬೆಳಿಗ್ಗೆ ಯಾರೋ ತೊಟ್ಟು, ಬೆವರು ಕುಡಿಸಿ,
ಬಿಚ್ಚಿ ಕೈದಾಟಿಸಿದ್ದು.
ಔಷಧಿ ಅಂಗಡಿಯ ಹುಡುಗ ಗಾಬರಿಯಲ್ಲಿ
ಹನ್ನೆರಡಕ್ಕೂ ಹದಿನಾಲ್ಕಕ್ಕೂ ಒಂದೇ ಹೆಸರು ಕೂಗಿದ.
ಮಿತ್ಸುಎ ಕರೆದವಳು
ಪರಿಚಯದವರೇ ಇರಬೇಕೆಂದು ತಿರುಗಿ, ಬಗ್ಗಿ,
ಓಡುತ್ತಲೇ ನಮಸ್ಕರಿಸಿದಳು.

ಇಪ್ಪತ್ತಾರು ಮುಗಿದವು. ರಸ್ತೆ ಖಾಲಿ.
ಯಾರೋ ಚಾಪೆ ಸುತ್ತತೊಡಗಿದರು.
ಗಡಿಯಾರ ಇದ್ದದ್ದು ನನ್ನ ಕೈಯಲ್ಲಿ.
ಮುಂದಿನವರಿಗಿಂತ ಹತ್ತು ನಿಮಿಷ ಹಿಂದೆ ಬಿದ್ದರೆ
ಪಟ್ಟಿಗಾಗಿ ಕಾಯುವುದಿಲ್ಲ;
ಕಾದು ನಿಂತ ಗೆಳತಿಯ ಹೆಗಲಿಗೆ
ಬೇರೊಂದು ಬಿಳಿಪಟ್ಟಿ ಹಾಕಿ ಓಡಿಸುತ್ತಾರೆ.
ಸೇತುವೆಯ ತುದಿಯಲ್ಲಿ ಅವಳು ಕಂಡಾಗ
ಉಳಿದದ್ದು ನಲವತ್ತು ಸೆಕೆಂಡು.
ಕೈಬದಲಿನ ಗೆರೆ ತಿರುವಿನಾಚೆ ಮುನ್ನೂರು ಮೀಟರು.
ಬಸ್ಸಿನವನ ಲೆಕ್ಕ ತಪ್ಪುವುದಿಲ್ಲ.

ನಮ್ಮ ಮುಂದೆ ಬರುವಷ್ಟರಲ್ಲಿ ಪಿಸ್ತೂಲು ಢಂ ಎಂದಿತು.
ಅವಳಿಗೂ ಕೇಳಿತು.
ಕಾಲು ಒಂದು ಹೆಜ್ಜೆ ಮರೆಯಿತು,
ಕೈ ಎದೆಯ ಪಟ್ಟಿಯನ್ನು ತಡವಿತು.

ಗಟ್ಟಿಯಾಗು ಎನ್ನಲು ಯಾವ ಮುಖ?
ಇದ್ದದ್ದು ಒಂದು ಹೆಸರು. ಹಾರನ್ನಿನಂತೆ ಕೂಗಿದೆ:
‘ಹರು!’
ಚಾಪೆ ಬಿಟ್ಟು ಹತ್ತು ಗಂಟಲೂ ಸೇರಿದವು,
‘ಹರು! ಹರು!’
ವೃದ್ಧಾಶ್ರಮದ ಕಿಟಕಿಯಲ್ಲಿ ಪಾತ್ರೆ ಬಡಿಯುವ ಸದ್ದು.

ಅವಳು ಕತ್ತು ಹೊರಳಿಸಿದಳು.
ಅಳು ಇನ್ನೂ ಮುಖದ ಮೇಲಿತ್ತು,
ಅದರ ಮೇಲೊಂದು ಸಿಟ್ಟು:
‘ಹಿನಾತ!’
ಅಂದು ಮುಂದೆ ಓಡಿದಳು, ಮೊದಲಿಗಿಂತ ಜೋರಾಗಿ.

ತಿದ್ದಿಕೊಂಡು ಕೂಗಿದೆವು,
ಬೆನ್ನು ಕಾಣುವವರೆಗೆ,
ಕಾಣದಾದ ಮೇಲೂ ಸ್ವಲ್ಪ ಹೊತ್ತು.

ದರಪಟ್ಟಿಯ ಬೆನ್ನಿಗೆ ಕೊನೆಯಲ್ಲಿ
ಹಿಸಾಯೊಳ ಕೈಬರಹ ಹೀಗಿದೆ:
ಬರುವ ವರ್ಷ, ಉಚ್ಚಾರ ಮೊದಲೇ ಕೇಳಿಕೊಳ್ಳುವುದು.
ಡೋಲು ಇರಲಿ.